ಮುಗಿಸುವ ಮನಸ್ಸು, ಮುಗಿಸಗೊಡುವ ಊರು



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯ ಬಗ್ಗೆಯೋ ಒಂದು ಶಾಸನದ ಬಗ್ಗೆಯೋ ಮಾತಾಡುವುದು ನಮ್ಮಲ್ಲಿ ರೂಢಿ. ಆ ಕವಿಯ ಮೇಲೆ, ಆ ಶಾಸನದ ಮೇಲೆ ಮಹಾಪ್ರಬಂಧ ಬರೆಯಲು ಕೂತವರ ಬಗ್ಗೆ ಮಾತಾಡುವುದು ಅಪರೂಪ. ಅವರು ಪ್ರಬಂಧ ಮುಗಿಸಿ ಹೆಸರಿನ ಮುಂದೆ 'ಡಾ.' ಬಂದ ದಿನ ಸನ್ಮಾನ ಮಾಡುತ್ತೇವೆ, ಶಾಲು ಹೊದೆಸುತ್ತೇವೆ. ಅದಕ್ಕೆ ಮುಂಚಿನ ಐದಾರು ವರ್ಷ ಅವರ ತಲೆಯೊಳಗೆ ಏನು ನಡೆಯುತ್ತಿತ್ತೆಂದು ಯಾರೂ ಕೇಳುವುದಿಲ್ಲ. ನಡುವೆ ಬಿಟ್ಟವರನ್ನಂತೂ ಮರೆತೇಬಿಡುತ್ತೇವೆ. ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟಿದ್ದರಿಂದ ಈ ಸಲ ಅದನ್ನೇ ಎತ್ತಿಕೊಂಡಿದ್ದೇನೆ: ಪಿಎಚ್.ಡಿ.ಗೆ ಸೇರಿದವರಲ್ಲಿ ಕೆಲವರು ಮುಗಿಸುತ್ತಾರೆ, ಕೆಲವರು ಮುಗಿಸುವುದಿಲ್ಲ. ಮನಸ್ಸಿನ ಮಟ್ಟಿಗೆ ಹೇಳುವುದಾದರೆ, ಮುಗಿಸಿದವರಲ್ಲಿ ಏನಿತ್ತು, ಅವರ ಸುತ್ತ ಏನಿತ್ತು?

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮುಗಿಸುವ ಮನಸ್ಸು ಹುಟ್ಟುವಾಗಲೇ ಪಡೆದುಕೊಂಡು ಬರುವ ಗುಣವಲ್ಲ. 'ಕೆಲಸ ಸಾಗುತ್ತಿದೆ' ಎಂಬ ಅನುಭವ ಮತ್ತೆ ಮತ್ತೆ ಸಿಕ್ಕಾಗ ಅದು ಕಟ್ಟಿಕೊಳ್ಳುತ್ತದೆ. ಆ ಅನುಭವ ಒದಗಿಸುವುದರಲ್ಲಿ ವಿದ್ಯಾರ್ಥಿಯ ಪಾಲಿನಷ್ಟೇ ಗೈಡ್, ಮನೆ, ಕಾಲೇಜು ಮತ್ತು ಊರಿನ ಪಾಲೂ ಇದೆ.

ನಮ್ಮ ಕಡೆಯ ಸಂಶೋಧಕ

ಸಂಶೋಧನಾ ವಿದ್ಯಾರ್ಥಿ ಎಂದ ಕೂಡಲೇ ಕಣ್ಣಿಗೆ ಬರುವುದು ಹಾಸ್ಟೆಲಿನ ಕೋಣೆ, ಗ್ರಂಥಾಲಯ, ತಿಂಗಳು ತಿಂಗಳು ಬರುವ ಫೆಲೋಶಿಪ್. ನೆಟ್ ಪರೀಕ್ಷೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಅವರಿಗೂ ಕಷ್ಟಗಳಿವೆ. ಆದರೆ ನಾನು ಇಂದು ಹೆಚ್ಚಾಗಿ ನೆನೆಯುವುದು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಇನ್ನೊಂದು ಬಗೆಯವರನ್ನು. ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುತ್ತ, ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಇರುತ್ತ, ಮನೆ, ಮಕ್ಕಳು, ಹಿರಿಯರ ಔಷಧಿ ಎಲ್ಲವನ್ನೂ ನೋಡಿಕೊಳ್ಳುತ್ತ, ಅರೆಕಾಲಿಕವಾಗಿ ನೋಂದಣಿ ಮಾಡಿಸಿಕೊಂಡವರು ಇವರು.

ಕುಂದಾಪುರದಲ್ಲಿ ಭಂಡಾರ್‌ಕಾರ್ಸ್ ಕಾಲೇಜು ಆರಂಭವಾದದ್ದು 1963ರಲ್ಲಿ. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1980ರಲ್ಲಿ, ಕೊಣಾಜೆಯಲ್ಲಿ. ಪದವಿ ಊರಿಗೇ ಬಂತು, ಸಂಶೋಧನೆ ಮಾತ್ರ ದೂರವೇ ಉಳಿಯಿತು. ಬೈಂದೂರಿನವರಿಗೆ ಮಂಗಳೂರೇ ಸುಮಾರು 120 ಕಿಲೋಮೀಟರ್, ಅಲ್ಲಿಂದ ಕೊಣಾಜೆ ಮತ್ತೂ ಮುಂದೆ. ಕೆಲವರು ಘಟ್ಟ ಹತ್ತಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಹೋಗುತ್ತಾರೆ, ಕೆಲವರು ಹಂಪಿಗೆ, ಕೆಲವರು ಮೈಸೂರಿಗೆ. ಬ್ರಹ್ಮಾವರದವರಿಗೆ ಮಣಿಪಾಲ ಹತ್ತಿರ, ಅಲ್ಲಿ ಬೇಕಾದ ವಿಷಯ ಇದ್ದರೆ.

ಅಂಥ ಒಬ್ಬರ ಶನಿವಾರವನ್ನು ನೋಡೋಣ. ಇದು ಯಾರೊಬ್ಬರ ಕತೆಯೂ ಅಲ್ಲ, ಹಲವರ ಶನಿವಾರಗಳನ್ನು ಸೇರಿಸಿ ಹೇಳುತ್ತಿದ್ದೇನೆ. ನಾವುಂದದ ಕಡೆಯ ಉಪನ್ಯಾಸಕಿ. ಬೆಳಿಗ್ಗೆ ಐದಕ್ಕೆ ಎದ್ದು ಮಧ್ಯಾಹ್ನದ ಅಡುಗೆಯನ್ನೂ ಮುಗಿಸಿ, ಮೊದಲ ಬಸ್ಸಿಗೆ ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಇಳಿದು, ಅಲ್ಲಿಂದ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ. ಬ್ಯಾಗಿನಲ್ಲಿ ಎರಡನೇ ಅಧ್ಯಾಯದ 60 ಪುಟದ ಪ್ರಿಂಟ್. ಇಲಾಖೆ ಮುಟ್ಟುವಾಗ ಗಂಟೆ ಹನ್ನೊಂದು. ಗೈಡ್ ಮೀಟಿಂಗಿನಲ್ಲಿದ್ದಾರೆ. ಊಟದ ಹೊತ್ತಿಗೆ ಹದಿನೈದು ನಿಮಿಷ ಸಿಗುತ್ತಾರೆ, ಪುಟ ತಿರುವುತ್ತಾರೆ, "ಚೆನ್ನಾಗಿದೆ, ಆದ್ರೆ ಇನ್ನೂ ಸ್ವಲ್ಪ ಬಿಗಿ ಆಗ್ಬೇಕಮ್ಮ" ಎನ್ನುತ್ತಾರೆ. ಬಿಗಿ ಎಂದರೆ ಏನು? ಪುಟ ಕಡಿಮೆಯಾಗಬೇಕೋ, ವಾದ ಗಟ್ಟಿಯಾಗಬೇಕೋ, ಅಡಿಟಿಪ್ಪಣಿ ಹೆಚ್ಚಬೇಕೋ? ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಎಂದುಕೊಂಡಾರೆಂಬ ಅಂಜಿಕೆ. ರಾತ್ರಿ ಮನೆ ಸೇರುವಾಗ ಅದೇ 60 ಪುಟ ಬ್ಯಾಗಿನಲ್ಲಿದೆ. ಮುಂದಿನ ಮೂರು ತಿಂಗಳು ಆ ಬ್ಯಾಗಿನ ಜಿಪ್ಪು ತೆರೆಯುವುದಿಲ್ಲ.

ಇಲ್ಲಿ ಕೆಟ್ಟವರು ಯಾರೂ ಇಲ್ಲ. ಗೈಡ್ ಒಳ್ಳೆಯವರು, ವಿದ್ಯಾರ್ಥಿನಿ ಸೋಮಾರಿಯಲ್ಲ. ಆದರೂ ಪಿಎಚ್.ಡಿ. ನಿಂತುಹೋಗುವುದು ಹೀಗೆಯೇ, ಸದ್ದಿಲ್ಲದೆ, ಎರಡನೇ ಅಧ್ಯಾಯದ ಆಸುಪಾಸಿನಲ್ಲಿ.

ಜಾಣತನದ ಲೆಕ್ಕ

ನಡುವೆ ಬಿಟ್ಟವರನ್ನು ನಮ್ಮ ಸಮಾಜ ಎರಡೇ ಮಾತಿನಲ್ಲಿ ಮುಗಿಸುತ್ತದೆ: 'ಅಷ್ಟು ತಲೆ ಇರಲಿಲ್ಲ' ಅಥವಾ 'ಹಟ ಸಾಲಲಿಲ್ಲ'. ಅಮೆರಿಕದ ಸಮಾಜಶಾಸ್ತ್ರಜ್ಞೆ ಬಾರ್ಬರಾ ಲೋವಿಟ್ಸ್ ಮುಗಿಸಿದವರನ್ನೂ ಬಿಟ್ಟವರನ್ನೂ ಎದುರುಬದುರು ಇಟ್ಟು ನೋಡಿ 2001ರಲ್ಲಿ ಒಂದು ಪುಸ್ತಕ ತಂದರು. ಸೇರುವಾಗ ಎರಡೂ ಗುಂಪಿನವರ ಅಂಕಗಳು ಹೆಚ್ಚುಕಡಿಮೆ ಒಂದೇ. ಬರುವಾಗ ಏನು ಹೊತ್ತು ತಂದರು ಎಂಬುದಕ್ಕಿಂತ, ಬಂದ ಮೇಲೆ ಏನಾಯಿತು ಎಂಬುದೇ ವ್ಯತ್ಯಾಸಕ್ಕೆ ಕಾರಣ ಎಂದು ಅವರು ಕಂಡರು. ಬಿಟ್ಟವರು ಮಾತ್ರ ತಪ್ಪನ್ನು ತಮ್ಮ ಮೇಲೇ ಹಾಕಿಕೊಂಡಿದ್ದರು. ಪಕ್ಕದವನಿಗೂ ಅದೇ ಕಷ್ಟವಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಬಾಯಿಬಿಟ್ಟಿರಲಿಲ್ಲ.

ಬಿಡುವವರ ಸಂಖ್ಯೆಯೂ ಸಣ್ಣದಲ್ಲ. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ 2008ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹತ್ತು ವರ್ಷ ಕಳೆದ ಮೇಲೂ ಪಿಎಚ್.ಡಿ. ಮುಗಿಸಿದವರು ನೂರಕ್ಕೆ ಸುಮಾರು 57 ಮಂದಿ. ಸಾಹಿತ್ಯ, ಇತಿಹಾಸದಂಥ ಮಾನವಿಕ ವಿಷಯಗಳಲ್ಲಿ ಅದು 49ಕ್ಕೆ ಇಳಿಯುತ್ತದೆ. ಹಣ, ಗ್ರಂಥಾಲಯ, ಪ್ರಯೋಗಾಲಯ ಎಲ್ಲ ಇರುವ ದೇಶದಲ್ಲೇ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು ದಡ ಸೇರುವುದಿಲ್ಲ ಎಂದಾದರೆ, ಅದನ್ನು ಒಬ್ಬೊಬ್ಬರ ತಲೆಯ ದೋಷವೆನ್ನುವುದು ನ್ಯಾಯವಲ್ಲ.

ಹಾಗಾದರೆ ಮುಗಿಸಿದವರಲ್ಲಿ ಏನಿತ್ತು? ನನಗೆ ಹೆಚ್ಚು ಒಪ್ಪಿಗೆಯಾದ ಉತ್ತರ ಬೆಲ್ಜಿಯಂನ ಕ್ರಿಸ್ಟೆಲ್ ದೆವೋಸ್ ಮತ್ತು ಸಂಗಡಿಗರದು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನ ಸಣ್ಣದು, ಆದರೆ ಆಳವಾದದ್ದು. ಪಿಎಚ್.ಡಿ. ಮುಗಿಸಿದ 8 ಮಂದಿ ಮತ್ತು ಬಿಟ್ಟ 13 ಮಂದಿಯನ್ನು ಅವರು ಕೂರಿಸಿ ಮಾತಾಡಿಸಿದರು. ಕಷ್ಟಗಳು ಎರಡೂ ಕಡೆ ಇದ್ದವು. ಮುಗಿಸಿದವರಲ್ಲಿ ಮೂರು ಸಂಗತಿ ಒಟ್ಟಿಗೆ ಕಂಡವು: ಕೆಲಸ ಮುಂದಕ್ಕೆ ಹೋಗುತ್ತಿದೆ ಎಂಬ ಅನುಭವ, ಮಾಡುತ್ತಿರುವುದರಲ್ಲಿ ತನಗೆ ಅರ್ಥ ಕಾಣುತ್ತಿದೆ ಎಂಬ ಭಾವ, ತಾಳಿಕೊಳ್ಳಬಹುದಾದಷ್ಟೇ ಸಂಕಟ. ಇನ್ನು ಮುಂದಿನ ಮಾತನ್ನು ಈ ಮೂರರ ಸುತ್ತ ಕಟ್ಟುತ್ತೇನೆ.

ಮೊದಲನೆಯದು: ಸಾಗುತ್ತಿದೆ ಎಂಬ ಅನುಭವ

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು. ಮಹಿಳೆಯರಿಗೂ ಶೇಕಡ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು, ಒಟ್ಟು ಹತ್ತು ವರ್ಷ ಮೀರದಂತೆ. ಈ ಔದಾರ್ಯ ಬೇಕಾದದ್ದೇ. ಆದರೆ ಮನಸ್ಸಿನ ಲೆಕ್ಕದಲ್ಲಿ ಆರು ವರ್ಷದಾಚೆಯ ಗಡುವು ಗಡುವೇ ಅಲ್ಲ. 'ಮುಂದಿನ ರಜೆಯಲ್ಲಿ ಕೂರುತ್ತೇನೆ' ಎಂದು ಐದು ವರ್ಷ ಹೇಳಬಹುದು, ಪ್ರತಿ ಸಲವೂ ಪ್ರಾಮಾಣಿಕವಾಗಿಯೇ ಹೇಳಬಹುದು.

ಈ 'ಕೂರುತ್ತೇನೆ'ಗೆ ಒಂದು ಮದ್ದು ಇದೆ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ ಕೊಟ್ಟರು: ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರೆಂದು 48 ಗಂಟೆಯೊಳಗೆ ಒಂದು ವರದಿ ಬರೆದು ಕಳಿಸಬೇಕು. ಅರ್ಧದಷ್ಟು ಮಂದಿಯಿಂದ ಎಷ್ಟು ಹೊತ್ತಿಗೆ, ಎಲ್ಲಿ ಕೂತು ಬರೆಯುತ್ತೀರೆಂಬುದನ್ನು ಮೊದಲೇ ಬರೆಸಿಕೊಂಡರು. ಉಳಿದವರಿಂದ ಏನೂ ಕೇಳಲಿಲ್ಲ. ಹೊತ್ತು, ಜಾಗ ಗೊತ್ತುಮಾಡಿಕೊಂಡವರಲ್ಲಿ ಮುಕ್ಕಾಲು ಪಾಲು ಮಂದಿ ವರದಿ ಬರೆದರು, ಉಳಿದವರಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ. 1997ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ತಿಳಿಯುವುದು ಇಷ್ಟು: 'ಬರೆಯಬೇಕು' ಎಂಬ ಸಂಕಲ್ಪದಲ್ಲಿ ಬಲ ಕಡಿಮೆ. 'ಮಗ ಶಾಲೆ ಬಸ್ಸು ಹತ್ತಿದ ಕೂಡಲೇ ಒಳಕೋಣೆಯ ಮೇಜಿನಲ್ಲಿ ಅರ್ಧ ಗಂಟೆ' ಎಂದುಕೊಳ್ಳುವುದರಲ್ಲಿ ಬಲ ಹೆಚ್ಚು. ಮೊದಲನೆಯದಕ್ಕೆ ದಿನವೂ ಹೊಸದಾಗಿ ಮನಸ್ಸು ಮಾಡಬೇಕು. ಎರಡನೆಯದರಲ್ಲಿ ಬಸ್ಸು ಹೊರಟದ್ದೇ ನೆನಪು ಮಾಡುತ್ತದೆ.

'ಅರ್ಧ ಗಂಟೆಯಲ್ಲಿ ಏನಾಗುತ್ತದೆ, ಮೂಡ್ ಬರುವುದಕ್ಕೇ ಅಷ್ಟು ಹೊತ್ತು ಬೇಕು' ಎನ್ನುವವರಿದ್ದಾರೆ. ಅಮೆರಿಕದ ರಾಬರ್ಟ್ ಬಾಯ್ಸ್ 1983ರಲ್ಲಿ ಇದನ್ನೇ ಪರೀಕ್ಷಿಸಿದರು. ಬರೆಯಲು ಒದ್ದಾಡುತ್ತಿದ್ದ 27 ಅಧ್ಯಾಪಕರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಬರೆಯುವುದನ್ನೇ ಬಿಡಿ ಎಂದರು, ಇನ್ನೊಂದಕ್ಕೆ ಮನಸ್ಸು ಬಂದಾಗ ಬರೆಯಿರಿ ಎಂದರು, ಮತ್ತೊಂದಕ್ಕೆ ಮನಸ್ಸು ಇರಲಿ ಇಲ್ಲದಿರಲಿ ಗೊತ್ತಾದ ದಿನ ಬರೆಯಲೇಬೇಕು ಎಂದರು. ಮೂರನೇ ಗುಂಪು ಹೆಚ್ಚು ಪುಟ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಹೊಸ ಯೋಚನೆಗಳು ಹೆಚ್ಚು ಹೊಳೆದದ್ದೂ ಅವರಿಗೇ! ಮೂಡ್ ಬಂದ ಮೇಲೆ ಬರವಣಿಗೆ ಎಂದು ನಾವು ನಂಬಿದ್ದೇವೆ. ಬರೆಯುತ್ತ ಹೋದವರಿಗೆ ಮೂಡ್ ಹಿಂದಿನಿಂದ ಬಂತು.

ಬರೆದು ಏಳುವಾಗ ಮಾಡಬೇಕಾದ್ದು ಇನ್ನೊಂದಿದೆ. ಅರ್ಧಕ್ಕೆ ನಿಂತ ಕೆಲಸ ತಲೆಯೊಳಗೆ ಕೊರೆಯುತ್ತಲೇ ಇರುತ್ತದೆ, ಪಾಠ ಮಾಡುವಾಗಲೂ ಮೀನು ಕುಯ್ಯುವಾಗಲೂ. ಮಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ತೋರಿಸಿದಂತೆ, ಆ ಕೊರೆತ ನಿಲ್ಲಲು ಕೆಲಸವೇ ಮುಗಿಯಬೇಕಾಗಿಲ್ಲ, ಮುಂದೇನು ಮಾಡುವುದೆಂಬ ಸ್ಪಷ್ಟ ಯೋಜನೆ ಆದರೆ ಸಾಕು. ಬಸ್ರೂರಿನ ವರ್ತಕ ಸಂಘಗಳ ಮೇಲೆ ಬರೆಯುತ್ತಿರುವವರೊಬ್ಬರ ನೋಟ್‌ಪುಸ್ತಕದ ಕೊನೆಯಲ್ಲಿ ಹೀಗಿರಬಹುದು: "ನಾಳೆ: ಸೆಟ್ಟಿಕಾರ, ಹಂಜಮಾನ ಎರಡೂ ಬರುವ ಶಾಸನ ಬೇರೆ ಮಾಡು. ಬಾರಕೂರಿನ ಹತ್ತು ಕೇರಿ ಈಗ ಬೇಡ, ನಾಲ್ಕನೇ ಅಧ್ಯಾಯಕ್ಕೆ. ಪುಟ 37ರ ಕಾಲ ನೋಡು." ಮೂರು ಸಾಲು ಅಷ್ಟೇ. ನಾಳೆ ಕೂತಾಗ 'ಎಲ್ಲಿಂದ ಶುರು ಮಾಡಲಿ' ಎಂಬ ಪ್ರಶ್ನೆಯೇ ಏಳುವುದಿಲ್ಲ. ಬಹಳ ಮಂದಿ ಮೇಜು ಬಿಟ್ಟು ಏಳುವುದು ಆ ಪ್ರಶ್ನೆಯ ಎದುರಿಗೇ.

ನಮ್ಮ ಕರಾವಳಿಯಲ್ಲಿ ವಿಷಯಗಳಿಗೆ ಅವುಗಳದೇ ಕಾಲವೂ ಇದೆ. ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಡುವುದು ನವೆಂಬರಿನಲ್ಲಿ, ಗೆಜ್ಜೆ ಬಿಚ್ಚುವುದು ಮೇ ತಿಂಗಳಲ್ಲಿ. ಮಂದಾರ್ತಿ ಮೇಳದ ಮೇಲೆ ಕೆಲಸ ಮಾಡುವವರು ಆಟ ನೋಡಬೇಕಾದ್ದು ಆಗ, ಕಲಾವಿದರು ಮನೆಯಲ್ಲಿ ಬಿಡುವಾಗಿ ಸಿಗುವುದು ಮಳೆಗಾಲದಲ್ಲಿ. ಗಂಗೊಳ್ಳಿಯ ಮೀನುಗಾರಿಕೆಯ ಮೇಲೆ ಬರೆಯುವವರಿಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಸಂದರ್ಶನದ ಹಂಗಾಮು. ಹೆಮ್ಮಾಡಿಯ ಸೇವಂತಿಗೆ ಬೆಳೆಗಾರರನ್ನು ಮಕರ ಸಂಕ್ರಾಂತಿಯ ಮುಂಚಿನ ವಾರ ಮಾತಾಡಿಸಲು ಹೋದರೆ ಅವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಈ ಕಾಲಪಟ್ಟಿಯನ್ನು ಮೊದಲ ವರ್ಷವೇ ಗೋಡೆಗೆ ಅಂಟಿಸಿಕೊಂಡವರಿಗೆ ಆರು ವರ್ಷವೆಂಬುದು ಆರು ತಿರುಗಾಟ, ಆರು ಮಳೆಗಾಲಗಳಾಗಿ ಒಡೆದು ಕಾಣುತ್ತದೆ. ಹಾಗೆ ಒಡೆದದ್ದನ್ನು ಮನಸ್ಸು ನಂಬುತ್ತದೆ.

ಎರಡನೆಯದು: ಇದು ನನ್ನದು ಎಂಬ ಭಾವ

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯನ್ ಎಂಬ ಮನೋವಿಜ್ಞಾನಿಗಳ ಸಿದ್ಧಾಂತವೊಂದು ಶಿಕ್ಷಣ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿದೆ. ಮನುಷ್ಯ ಒಂದು ಕೆಲಸದಲ್ಲಿ ಬಹುಕಾಲ ನಿಲ್ಲಬೇಕಾದರೆ ಮೂರು ಬೇಕು: ನಾನೇ ಆರಿಸಿಕೊಂಡೆ ಎಂಬ ಸ್ವಾತಂತ್ರ್ಯ, ನನ್ನಿಂದ ಆಗುತ್ತದೆ ಎಂಬ ಸಾಮರ್ಥ್ಯದ ಅರಿವು, ನನ್ನವರು ಇದ್ದಾರೆ ಎಂಬ ನಂಟು. ಹೊರಗಿನ ಲಾಭವೊಂದೇ ಎಳೆಯುತ್ತಿದ್ದರೆ, ಲಾಭ ಕಾಣೆಯಾದ ದಿನ ಕೆಲಸವೂ ನಿಲ್ಲುತ್ತದೆ.

ಇದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ಇದೆ. ವಿಶ್ವವಿದ್ಯಾನಿಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು 2021ರ ಜುಲೈಯಿಂದ ಪಿಎಚ್.ಡಿ. ಕಡ್ಡಾಯ ಎಂದು ಯುಜಿಸಿಯ 2018ರ ನಿಯಮ ಹೇಳಿತ್ತು. ಅದಕ್ಕಾಗಿಯೇ ಅವಸರದಲ್ಲಿ ನೋಂದಣಿ ಮಾಡಿಸಿಕೊಂಡವರು ಇದ್ದರು. ಆಮೇಲೆ ಅದು 2023ಕ್ಕೆ ಮುಂದೆ ಹೋಯಿತು. 2023ರ ಜುಲೈ 1ರಿಂದ ನೆಟ್ ಅಥವಾ ಸೆಟ್ ಇದ್ದರೆ ಸಾಕು, ಪಿಎಚ್.ಡಿ. ಐಚ್ಛಿಕ ಎಂದಾಯಿತು. ನಿಯಮಕ್ಕಾಗಿ ಸೇರಿದವರಿಗೆ ಆ ದಿನ ಕಾಲ ಕೆಳಗಿನ ನೆಲವೇ ಹೋದಂತಾಯಿತು. ವಿಷಯಕ್ಕಾಗಿ ಸೇರಿದವರು ಮರುದಿನವೂ ಬರೆದರು.

ವಿಷಯ ತನ್ನದಾಗುವುದು ಹೇಗೆಂಬುದಕ್ಕೆ ಇಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ ಮಾರ್ಥಾ ಆಶ್ಟನ್ ಡಾಕ್ಟರೇಟಿಗೆ ಆರಿಸಿಕೊಂಡದ್ದು ನಮ್ಮ ಬಡಗುತಿಟ್ಟಿನ ಯಕ್ಷಗಾನ ಬಯಲಾಟವನ್ನು. ಉಡುಪಿಗೆ ಬಂದು, ಮದ್ದಳೆಯ ಹಿರಿಯಡ್ಕ ಗೋಪಾಲ ರಾಯರಲ್ಲಿ ಹೆಜ್ಜೆ ಕಲಿತು, 1972ರಲ್ಲಿ ಪ್ರಬಂಧ ಮುಗಿಸಿದರು. ಬ್ರೂಸ್ ಕ್ರಿಸ್ಟಿಯವರ ಜೊತೆ ಬರೆದ ಅವರ ಪುಸ್ತಕ 1977ರಲ್ಲಿ ಬಂತು. ಭಾಷೆ ಬೇರೆ, ಊಟ ಬೇರೆ, ಸೆಖೆ ಬೇರೆ. ಬಿಟ್ಟುಹೋಗಲು ಅವರಿಗೆ ನಮಗಿಂತ ಹೆಚ್ಚು ಕಾರಣಗಳಿದ್ದವು. ಆದರೆ ಮನೋವಿಜ್ಞಾನದ ಕಣ್ಣಿನಿಂದ ನೋಡಿ: ವಿಷಯ ಅವರೇ ಆರಿಸಿಕೊಂಡದ್ದು. ಕುಣಿತ ಕಲಿಯುವವರಿಗೆ ನಿನ್ನೆ ಬಾರದ ಹೆಜ್ಜೆ ಇವತ್ತು ಬಂದದ್ದು ಕೂಡಲೇ ಗೊತ್ತಾಗುತ್ತದೆ. ತಿದ್ದಲು ಗುರು ಎದುರಿಗೇ ಇದ್ದಾರೆ, ತಾಳ ತಪ್ಪಿದರೆ ಅಲ್ಲೇ ಹೇಳುತ್ತಾರೆ. ಡೆಸಿ ಮತ್ತು ರಯನ್ ಹೇಳುವ ಮೂರೂ ಅಲ್ಲಿದ್ದವು.

ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಇನ್ನೊಂದು ವಿಚಾರ ಇಲ್ಲಿಗೆ ಹೊಂದುತ್ತದೆ. 'ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಬರುವುದು ಮುಖ್ಯವಾಗಿ ಸ್ವಂತ ಸಣ್ಣ ಗೆಲುವುಗಳಿಂದ. ಅದರ ನಂತರ, ನಮ್ಮಂಥವರೇ ಗೆದ್ದದ್ದನ್ನು ನೋಡುವುದರಿಂದ. ಭಾಷಣದಿಂದ ಹುರಿದುಂಬಿಸುವುದರ ಬಲ ಇವೆರಡಕ್ಕಿಂತ ಕಡಿಮೆ. ಪಾದೂರು ಗುರುರಾಜ ಭಟ್ಟರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದುಕೊಂಡೇ ಜಿಲ್ಲೆಯ ಗುಡಿ, ಮೂರ್ತಿ, ಶಾಸನಗಳನ್ನು ಹುಡುಕಿ ಹೋದವರು. ತುಳುನಾಡಿನ ಇತಿಹಾಸ, ಸಂಸ್ಕೃತಿಗಳ ಮೇಲಿನ ಅವರ ಬೃಹತ್ ಇಂಗ್ಲಿಷ್ ಗ್ರಂಥ 1975ರಲ್ಲಿ ಹೊರಬಂತು, ಬಾರಕೂರಿನ ಮೇಲೆ ಬರೆಯುವವರು ಇಂದಿಗೂ ಅದನ್ನು ದಾಟಿಯೇ ಹೋಗಬೇಕು. 'ನೌಕರಿ ಇಟ್ಟುಕೊಂಡು ಸಂಶೋಧನೆ ಆಗುವ ಮಾತಲ್ಲ' ಎನ್ನುವವರ ಎದುರು ಈ ಹೆಸರನ್ನು ಇಡಬಹುದು. ಆದರೆ ಬಂಡೂರಾ ಹೇಳುವ 'ನಮ್ಮಂಥವರು' ಇನ್ನೂ ಹತ್ತಿರದವರಾಗಬೇಕು: ಪಕ್ಕದ ಸ್ಟಾಫ್‌ರೂಮಿನಲ್ಲಿ, ಇದೇ ಸಂಬಳದಲ್ಲಿ, ಇದೇ ಬಸ್ಸಿನಲ್ಲಿ ಓಡಾಡಿ ಹೋದ ವರ್ಷ ಮುಗಿಸಿದವರು. ಅವರನ್ನು ಸನ್ಮಾನದ ಕುರ್ಚಿಯಿಂದ ಇಳಿಸಿ 'ಮೂರನೇ ವರ್ಷ ಏನು ಮಾಡಿದಿರಿ?' ಎಂದು ಕೇಳಬೇಕು.

ಮೂರನೆಯದು: ತಾಳಬಹುದಾದ ಸಂಕಟ

ಸಂಶೋಧನೆಯಲ್ಲಿ ಸಂಕಟ ಇದ್ದದ್ದೇ. ಎಷ್ಟು ಎಂಬುದು ಪ್ರಶ್ನೆ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಕಟಿಯಾ ಲೆವೆಕ್ ಮತ್ತು ಸಂಗಡಿಗರು 3,659 ಪಿಎಚ್.ಡಿ. ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಮಂದಿ ಮಾನಸಿಕ ಒತ್ತಡದ ಲಕ್ಷಣಗಳನ್ನು ಹೇಳಿಕೊಂಡರು. ಮೂವರಲ್ಲಿ ಒಬ್ಬರಿಗೆ ಖಿನ್ನತೆಯಂಥ ತೊಂದರೆ ಬರುವ ಅಪಾಯವಿತ್ತು. ಮನೆ ಮತ್ತು ಕೆಲಸದ ಎಳೆದಾಟ, ಕೆಲಸದ ಹೊರೆ, ಗೈಡ್ ನಡೆದುಕೊಳ್ಳುವ ರೀತಿ ಇವೆಲ್ಲಕ್ಕೂ ಅದರ ಜೊತೆ ನಂಟು ಕಂಡಿತು.

ಜಾಣರನ್ನೇ ಹುಡುಕಿ ಹಿಡಿಯುವ ಸಂಕಟ ಒಂದಿದೆ. 'ನಾನಿಲ್ಲಿಗೆ ಬಂದದ್ದೇ ಅದೃಷ್ಟದಿಂದ, ಒಂದು ದಿನ ನನ್ನ ಬಣ್ಣ ಬಯಲಾಗುತ್ತದೆ' ಎಂಬ ಅಳುಕು. ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ 1978ರಲ್ಲಿ ಇದನ್ನು ಗುರುತಿಸಿದ್ದು ದೊಡ್ಡ ದೊಡ್ಡ ಪದವಿ ಪಡೆದ ಹೆಣ್ಣುಮಕ್ಕಳಲ್ಲಿ. ಮನೆಯಲ್ಲಿ ಮೊದಲ ಸಲ ಎಂ.ಎ. ಮುಗಿಸಿದವರು, ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾದವರು ಇದನ್ನು ಬಲ್ಲರು. ಸೆಮಿನಾರಿನಲ್ಲಿ ಬೇರೆಯವರು ಪಟಪಟನೆ ಮಾತಾಡುವಾಗ ಇವರು ಕೊನೆಯ ಸಾಲಿನಲ್ಲಿ ಕೂತು, ತಮಗೊಬ್ಬರಿಗೇ ಅರ್ಥವಾಗಲಿಲ್ಲ ಎಂದುಕೊಳ್ಳುತ್ತಾರೆ.

ಇದರ ಮೇಲೆ ಊರಿನ ಪ್ರಶ್ನೆ ಬೇರೆ. ಮದುವೆಮನೆ ಇರಲಿ, ಮೀನು ಮಾರ್ಕೆಟ್ ಇರಲಿ, "ಹ್ವಾಯ್, ನಿಮ್ ಪಿಎಚ್ಡಿ ಎಲ್ಲಿಗ್ ಬಂತ್? ಇನ್ನೂ ಆಯ್ಲಿಲ್ಯಾ?" ಕೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಕೇಳಿಸಿಕೊಂಡವರು ಮಾತ್ರ ಮುಂದಿನ ಮದುವೆಗೆ ಹೋಗುವುದನ್ನೇ ತಪ್ಪಿಸುತ್ತಾರೆ. ನಂಟು ಹೆಚ್ಚಬೇಕಾದಲ್ಲಿ ಕಡಿಮೆಯಾಗುತ್ತದೆ. ಮುಗಿಯಿತೇ ಎಂದು ಕೇಳುವ ಬದಲು 'ಈಗ ಎಂತ ಓದ್ತಿದ್ರಿ?' ಎಂದು ಕೇಳಿ ನೋಡಿ. ಮೊದಲನೆಯದಕ್ಕೆ 'ಇಲ್ಲ' ಎಂಬ ಉತ್ತರ ಒಂದೇ. ಎರಡನೆಯದಕ್ಕೆ ಅರ್ಧ ಗಂಟೆ ಮಾತಾಡುತ್ತಾರೆ, ಮಾತಾಡುತ್ತ ತಮ್ಮ ವಾದ ತಮಗೇ ತಿಳಿಯಾಗುತ್ತದೆ.

ಹೆಣ್ಣುಮಕ್ಕಳ ಮಾತು ಬೇರೆಯೇ ಹೇಳಬೇಕು. ನಿಯಮದಲ್ಲಿ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆಯ ರಜೆ ಇದೆ, ಹೆಚ್ಚುವರಿ ಎರಡು ವರ್ಷವೂ ಇದೆ. ಆದರೆ ದಿನದ ಅರ್ಧ ಗಂಟೆಯನ್ನು ಯುಜಿಸಿ ಕೊಡಲಾರದು, ಮನೆಯವರೇ ಕೊಡಬೇಕು. 'ಅವಳು ಓದುತ್ತಿದ್ದಾಳೆ' ಎಂದು ಅತ್ತೆ ಬಾಗಿಲಲ್ಲಿ ನಿಂತು ನೆಂಟರಿಗೆ ಹೇಳಿದ ಮನೆಯಲ್ಲಿ ಪ್ರಬಂಧ ಮುಗಿಯುತ್ತದೆ. 'ಓದಿದ್ದು ಸಾಕು, ಕಾಫಿ ಮಾಡು' ಎಂದ ಮನೆಯಲ್ಲಿ ಮುಗಿಯಬಾರದೆಂದೇನೂ ಇಲ್ಲ, ಆದರೆ ಆಕೆ ಎರಡು ಪಾಲು ಗಟ್ಟಿಯಾಗಿರಬೇಕಾಗುತ್ತದೆ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಿದ್ದೆ ಬಾರದೆ ವಾರಗಟ್ಟಲೆ ಕಳೆದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನ್ನಿಸಿದರೆ, ಅದು ಸಂಶೋಧನೆಯ ಸಹಜ ಸಂಕಟವಲ್ಲ. ಆಗ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕಾಲೇಜಿನ ಸೂಚನಾ ಫಲಕದಲ್ಲಿ ವೈವಾದ ತಾರೀಕಿನ ಪಕ್ಕದಲ್ಲಿ ಈ ಸಂಖ್ಯೆಯೂ ಇರಲಿ.

ಗೈಡ್ ಎಂಬ ಅರ್ಧ ಪಾಲು

ಮೊದಲು ಹೇಳಿದ ಶನಿವಾರದಲ್ಲಿ ಹದಿನೈದು ನಿಮಿಷ ಸಿಕ್ಕಿತ್ತು. ಹದಿನೈದು ನಿಮಿಷ ಕಡಿಮೆಯೇನಲ್ಲ, ಅದರಲ್ಲಿ ಏನು ಹೇಳಿದರು ಎಂಬುದು ಮುಖ್ಯ. "ಪುಟ 12ರಿಂದ 20ರವರೆಗೆ ಬೇರೆಯವರ ಮಾತೇ ಆಯಿತು, ನಿಮ್ಮ ಮಾತು ಒಂದು ಪ್ಯಾರಾ ಬರಲಿ. ಮುಂದಿನ ತಿಂಗಳು ಆ ಒಂಬತ್ತು ಪುಟ ಮಾತ್ರ ಕಳಿಸಿ" ಎಂದಿದ್ದರೆ, ವಾಪಸು ಬಸ್ಸಿನಲ್ಲೇ ಆಕೆ ಪೆನ್ನು ತೆಗೆಯುತ್ತಿದ್ದರು. ಸಣ್ಣದು, ಸ್ಪಷ್ಟವಾದದ್ದು, ತಾರೀಕು ಇರುವುದು: ಗೈಡ್ ಕೊಡಬಹುದಾದ ಅತ್ಯುತ್ತಮ ಧೈರ್ಯ ಇದೇ.

ನಿಯಮದ ಪ್ರಕಾರ ಪ್ರತಿ ಸೆಮಿಸ್ಟರಿನಲ್ಲೂ ವಿದ್ಯಾರ್ಥಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕು. ಇದನ್ನು ಸಹಿಯ ಶಾಸ್ತ್ರವಾಗಿ ಮುಗಿಸುವುದು ಸುಲಭ. ಮನಸ್ಸು ಬಲ್ಲವರು ಇದನ್ನೇ ಆರು ತಿಂಗಳಿಗೊಂದು ಸಣ್ಣ ಗೆಲುವಾಗಿ ಮಾಡುತ್ತಾರೆ: ಹೋದ ಸಲ ಏನಿತ್ತು, ಈಗ ಏನು ಸೇರಿತು, ಮುಂದಿನ ಸಲಕ್ಕೆ ಯಾವ ಹತ್ತು ಪುಟ. ಗೈಡ್‌ಗಳ ಹೊರೆಯೂ ಕಡಿಮೆಯಲ್ಲ. ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್.ಡಿ. ವಿದ್ಯಾರ್ಥಿಗಳನ್ನು ನೋಡಬಹುದು. ಹುದ್ದೆಗಳು ಖಾಲಿ ಬಿದ್ದಾಗ ಇರುವವರ ಮೇಲೆ ಎಲ್ಲವೂ ಬೀಳುತ್ತದೆ. ಅದಕ್ಕಾಗಿಯೇ ಗೈಡ್ ಒಬ್ಬರನ್ನೇ ನಂಬಿ ಕೂರಬಾರದು ಎನ್ನುತ್ತೇನೆ.

ಬಿಡುವವರ ಪರವಾಗಿ

ಇಷ್ಟೆಲ್ಲ ಹೇಳಿ, ಎಲ್ಲರೂ ಮುಗಿಸಲೇಬೇಕು ಎಂದರೆ ತಪ್ಪಾಗುತ್ತದೆ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಯಕ್ಷಗಾನದ ಹಸ್ತಪ್ರತಿ, ವೇಷ, ಹಾಡುಗಳ ಬೆನ್ನುಹತ್ತಿ ಊರೂರು ಅಲೆದರು. ಅವರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಲವು ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ಕೊಟ್ಟವು. ಸಂಶೋಧನೆ ದೊಡ್ಡದು, ಪಿಎಚ್.ಡಿ. ಅದರ ಒಂದು ರೂಪ ಅಷ್ಟೇ.

ಹಾಗೆಂದು ನೋಂದಣಿ ಬಿಟ್ಟವರೆಲ್ಲ ಕಾರಂತರಾಗುವುದಿಲ್ಲ. ನನ್ನ ಮಾತು ಇಷ್ಟು: ಬಿಡುವುದು ಎರಡು ಬಗೆ. ಒಂದು, ಕೂತು ಯೋಚಿಸಿ, ಗೈಡ್ ಜೊತೆ ಮಾತಾಡಿ, 'ಇದು ನನ್ನ ದಾರಿಯಲ್ಲ' ಎಂದು ತೀರ್ಮಾನಿಸಿ ಬಿಡುವುದು. ಅದು ಸೋಲಲ್ಲ. ಇನ್ನೊಂದು, ಬಿಟ್ಟೆನೆಂದು ತನಗೂ ಹೇಳಿಕೊಳ್ಳದೆ ವರ್ಷ ವರ್ಷ ಶುಲ್ಕ ಕಟ್ಟುತ್ತ, ಫೋನಿನಲ್ಲಿ ಗೈಡ್ ಹೆಸರು ಕಂಡರೆ ಬೆವರುತ್ತ ಬದುಕುವುದು. ನಾವು ತಡೆಯಬೇಕಾದ್ದು ಎರಡನೆಯದನ್ನು.

ಊರು ಮಾಡಬಹುದಾದ್ದು

ಉಪದೇಶಕ್ಕಿಂತ ಏರ್ಪಾಟು ಮೇಲು ಎಂಬುದು ಇಷ್ಟು ಹೊತ್ತು ಹೇಳಿದ್ದರ ಸಾರ. ಹಾಗಾಗಿ ಮೂರು ಏರ್ಪಾಟುಗಳನ್ನು ಸಭೆಯ ಮುಂದಿಡುತ್ತೇನೆ. ಮೂರಕ್ಕೂ ಸರ್ಕಾರದ ಆದೇಶ ಬೇಕಿಲ್ಲ.

ಮೊದಲನೆಯದು, ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಒಂದೊಂದು ಕಾಲೇಜು ವಾರಕ್ಕೊಂದು ದಿನ ಗ್ರಂಥಾಲಯದ ಒಂದು ಮೂಲೆಯನ್ನು ಸಂಜೆ ಏಳರವರೆಗೆ ಸಂಶೋಧಕರಿಗೆ ತೆರೆದಿಡಲಿ. ಅವರು ಯಾವ ವಿಶ್ವವಿದ್ಯಾನಿಲಯದಲ್ಲಿ, ಯಾವ ವಿಷಯದಲ್ಲಿ ನೋಂದಣಿಯಾದವರು ಎಂದು ನೋಡುವುದು ಬೇಡ. ಅಲ್ಲಿ ಭಾಷಣ ಇಲ್ಲ, ಬರೆಯುವುದು ಮಾತ್ರ. ರಸಾಯನಶಾಸ್ತ್ರದವರ ಪಕ್ಕದಲ್ಲಿ ಜಾನಪದದವರು ಕೂತು ಬರೆದರೆ, ಕಷ್ಟ ತನಗೊಬ್ಬನಿಗೇ ಎಂಬ ಭ್ರಮೆ ಮೊದಲ ತಿಂಗಳಲ್ಲೇ ಹೋಗುತ್ತದೆ.

ಎರಡನೆಯದು, ಈಚೆಗೆ ಮುಗಿಸಿದ ಒಬ್ಬೊಬ್ಬರು, ಮೂರನೇ ವರ್ಷದಲ್ಲಿರುವ ಒಬ್ಬೊಬ್ಬರ ಒಂದು ಅಧ್ಯಾಯವನ್ನು ಓದಿ ಕೊಡಲಿ. ಗೈಡ್‌ನ ಬದಲಿಗಲ್ಲ, ಗೈಡ್‌ಗೆ ಕೊಡುವ ಮುಂಚೆ. 'ಬಿಗಿ' ಎಂದರೆ ಏನೆಂದು ಕೇಳಲು ಅಂಜದ ಒಂದು ಜಾಗ ಬೇಕು.

ಮೂರನೆಯದು ಈ ದತ್ತಿಗೇ ಸಂಬಂಧಿಸಿದ್ದು. ವರ್ಷಕ್ಕೊಬ್ಬ ಹಿರಿಯರನ್ನು ಕರೆದು ಒಂದು ಗಂಟೆ ಮಾತಾಡಿಸುತ್ತೀರಿ, ಇವತ್ತು ಆ ಗಂಟೆ ನನಗೆ ಸಿಕ್ಕಿದೆ, ಅದಕ್ಕೆ ಋಣಿ. ಮುಂದಿನ ವರ್ಷ ಆ ಗಂಟೆಯನ್ನು ಮೂರು ಪಾಲು ಮಾಡಿ. ಮೂರು ತಾಲೂಕಿನಿಂದ ಒಬ್ಬೊಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಕರೆದು, ಮುಗಿಯದ ಪ್ರಬಂಧದ ಒಂದೊಂದು ಅಧ್ಯಾಯವನ್ನು ಇಪ್ಪತ್ತು ನಿಮಿಷ ಓದಲು ಬಿಡಿ. ತಾರೀಕನ್ನು ಇವತ್ತೇ ಹೇಳಿ, ಆ ತಾರೀಕೇ ಅವರನ್ನು ಬರೆಸುತ್ತದೆ. ದತ್ತಿಯ ಗೌರವಧನವನ್ನೂ ಅವರಿಗೇ ಹಂಚಿ. ಆಗ ನಾನು ಕೇಳುವವರ ಸಾಲಿನಲ್ಲಿ ಕೂತಿರುತ್ತೇನೆ, ಪ್ರಶ್ನೆ ಕೇಳುತ್ತೇನೆ.